ಹಳೆಯ ಡಬ್ಬದ ಬಾಯಿ ಬಿಡಿಸುವ ಸೂತ್ರಗಳು

ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ಕೇಬಲ್ ಟಿವಿಗಳ ನೆತ್ತಿಯ ಮೇಲೆ ಎರಡು ಮನೆತನಗಳದ್ದೇ ಕಾರುಬಾರು: ಜನರಲ್ ಇನ್‌ಸ್ಟ್ರುಮೆಂಟ್‌ನ ಡಿಸಿಟಿ-2000, ಸೈಂಟಿಫಿಕ್ ಅಟ್ಲಾಂಟಾದ ಎಕ್ಸ್‌ಪ್ಲೋರರ್ 2000. ಮೊದಲ ಕಂಪನಿಯನ್ನು 2000ರಲ್ಲಿ ಮೊಟೊರೋಲಾ ಕೊಂಡಿತು, ಎರಡನೆಯದನ್ನು 2006ರಲ್ಲಿ ಸಿಸ್ಕೊ. ಈ ಸೆಟ್‌ಟಾಪ್ ಬಾಕ್ಸ್‌ಗಳು ಈಗ ಸಂಗ್ರಹಕಾರರ ಕಪಾಟು ಸೇರಿವೆ. ಕೆಟ್ಟಿರುವುದು ವೈರೋ, ಡಬ್ಬವೋ, ಕೇಬಲ್ ಕಂಪನಿಯ ಕಂಟ್ರೋಲ್ ರೂಮೋ? ಡಬ್ಬವನ್ನೇ ಕೇಳಿದರೆ ಹೇಳುತ್ತದೆ, ಕೇಳುವ ಕ್ರಮ ಗೊತ್ತಿರಬೇಕು ಅಷ್ಟೆ.

1. ಪ್ಲಗ್ ಚುಚ್ಚುವ ಮುನ್ನ ತಳದ ಚೀಟಿ ಓದಿ.
ಇವು ಅಮೆರಿಕದ 120 ವೋಲ್ಟ್‌ಗೆ ಹುಟ್ಟಿದವು. ನಮ್ಮ 230 ವೋಲ್ಟ್‌ಗೆ ನೇರವಾಗಿ ಹಾಕಿದರೆ ಕಥೆ ಅಲ್ಲಿಗೇ ಮುಗಿಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿ. ಹಲವು ಡಬ್ಬಗಳ ಬೆನ್ನಿಗೆ ಟಿವಿ ಚುಚ್ಚಲು ಒಂದು ಸಾಕೆಟ್ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಚಿಕ್ಕದಾಗಿದ್ದರೆ ಆ ಸಾಕೆಟ್‌ನ ಗೊಡವೆ ಬೇಡ.

2. ಸ್ಕ್ರೂಡ್ರೈವರ್ ಕೆಳಗಿಡಿ, ಬಟನ್ ಒತ್ತಿ.
ಡಿಸಿಟಿ-2000 ಆದರೆ ಆಫ್ ಮಾಡಿ, ಎರಡು ಸೆಕೆಂಡಿನೊಳಗೆ ಓಕೆ ಅಥವಾ ಸೆಲೆಕ್ಟ್ ಒತ್ತಿ. ಎಕ್ಸ್‌ಪ್ಲೋರರ್‌ನಲ್ಲಿ ಮುಂಭಾಗದ ಸೆಲೆಕ್ಟ್ ಬಟನ್ನನ್ನು ಲಕೋಟೆಯ ಚಿಹ್ನೆ ಮಿನುಗುವ ತನಕ ಒತ್ತಿ ಹಿಡಿದು, ಆಮೇಲೆ ಇನ್ಫೋ. ಟಿವಿ ಪರದೆಯಲ್ಲಿ ಡಯಾಗ್ನೊಸ್ಟಿಕ್ (ತಪಾಸಣೆಯ) ಪುಟಗಳು ಬರುತ್ತವೆ. ಸಾಫ್ಟ್‌ವೇರ್ ಬದಲಾದಂತೆ ಪುಟಗಳ ಕ್ರಮವೂ ಬದಲಾಗುತ್ತದೆ, ಹಾಗಾಗಿ ಸಂಖ್ಯೆಯ ಹಿಂದೆ ಬೀಳದೆ ತಲೆಬರಹ ನೋಡಿ.

3. ಚಿತ್ರದ ಪುಟಕ್ಕಿಂತ ಮೊದಲು ಔಟ್-ಆಫ್-ಬ್ಯಾಂಡ್ ಪುಟ.
ಇಲ್ಲಿಂದ ಆರನೆಯ ಸೂತ್ರದ ತನಕ ಡಬ್ಬ ಅಮೆರಿಕದ ಕೇಬಲ್‌ಗೆ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಬಹಳ ಜನ ಎಡವುವುದು ಇಲ್ಲೇ. ಚಾನೆಲ್‌ಗಳು ಬರುವ ದಾರಿ ಒಂದು. ಗೈಡ್, ಗಡಿಯಾರ, ಯಾವ ಚಾನೆಲ್‌ಗೆ ಅನುಮತಿ ಎಂಬ ಆದೇಶ, ಇವೆಲ್ಲ ಬರುವ ದಾರಿಯೇ ಬೇರೆ. ಈ ಎರಡನೆಯ ದಾರಿಯೇ ಔಟ್-ಆಫ್-ಬ್ಯಾಂಡ್; ಡಿಸಿಟಿಯಲ್ಲಿ ಅದು ಸಾಮಾನ್ಯವಾಗಿ 75.25 ಮೆಗಾಹರ್ಟ್ಸ್. ಜಾಗದ ಆಯ್ಕೆ ನೋಡಿ: ಅಮೆರಿಕದ 4ನೇ ಚಾನೆಲ್ 72ಕ್ಕೆ ಮುಗಿಯುತ್ತದೆ, 5ನೆಯದು 76ಕ್ಕೆ ಶುರು. ನಡುವೆ ಖಾಲಿ ಬಿದ್ದಿದ್ದ ಆ ಸಂದಿಗೇ ಇದನ್ನು ತೂರಿಸಿದ್ದಾರೆ. ಕೆಲವು ಊರುಗಳಲ್ಲಿ 104.2 ಬಳಸಿದ್ದರು. ಅದು ಎಫ್‌ಎಂ ರೇಡಿಯೊ ಪಟ್ಟಿಯೊಳಗೆ ಬರುತ್ತದೆ. ಹಳೆಯ ಲೈನಿನಲ್ಲಿ ಯಾರೋ ಎಂದೋ ಹಾಕಿದ್ದ ಎಫ್‌ಎಂ ತಡೆಯುವ ಫಿಲ್ಟರ್ ಉಳಿದಿದ್ದರೆ, ಚಿತ್ರ ಥಳಥಳ, ಗೈಡ್ ಮಾತ್ರ ಖಾಲಿ! ಈ ಪುಟದಲ್ಲಿ ಲಾಕ್, ಅಂದರೆ ಸಿಗ್ನಲ್ ಹಿಡಿದ ಗುರುತು, ಇಲ್ಲವೆಂದರೆ ಉಳಿದ ಪುಟಗಳನ್ನು ಓದಿ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

4. ಸಿಗ್ನಲ್‌ನ ಜೋರಿಗೆ ಮರುಳಾಗಬೇಡಿ.
ಇನ್-ಬ್ಯಾಂಡ್, ಅಂದರೆ ಚಾನೆಲ್‌ಗಳು ಬರುವ ದಾರಿಯ ಪುಟದಲ್ಲಿ ಎಸ್‌ಎನ್‌ಆರ್ ಎಂಬ ಅಂಕಿ ಇದೆ: ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಲೆಕ್ಕ. ಕ್ವಾಮ್ ಎಂದರೆ ಚಾನೆಲ್‌ಗೆ ಡಿಜಿಟಲ್ ಮಾಹಿತಿ ತುಂಬುವ ಪದ್ಧತಿ; 64-ಕ್ವಾಮ್ ಚಾನೆಲ್‌ಗೆ ಸುಮಾರು 24 ಡೆಸಿಬಲ್ ಸಾಕು. 256-ಕ್ವಾಮ್‌ಗೆ ಸುಮಾರು 30 ಬೇಕು. ಎಸ್‌ಎನ್‌ಆರ್ 28 ಎಂದು ತೋರಿಸುತ್ತಿದ್ದರೆ ಅರ್ಧ ಚಾನೆಲ್‌ಗಳು ಬಂದು ಇನ್ನರ್ಧ ಚೌಕಚೌಕವಾಗಿ ಒಡೆಯುವುದು ಅದಕ್ಕೇ. ಆಂಪ್ಲಿಫೈಯರ್ ತಂದು ಹಾಕಿದರೆ ಗದ್ದಲವೂ ಜೊತೆಗೇ ಏರುತ್ತದೆ, ದುಡ್ಡು ದಂಡ. ಮೊದಲು ಸ್ಪ್ಲಿಟರ್ ಬಿಚ್ಚಿ ನೋಡಿ; ಎರಡು ಕವಲಿನದು ಒಂದೊಂದು ಕವಲಿಗೂ ಸುಮಾರು 3.5 ಡೆಸಿಬಲ್ ನುಂಗುತ್ತದೆ. ಆಮೇಲೆ ಕನೆಕ್ಟರ್: ಒಳಗಿನ ತಾಮ್ರದ ತಂತಿ ಹಸಿರುಗಟ್ಟಿದ್ದರೆ ಕತ್ತರಿಸಿ ಹೊಸದು ಹಾಕಿ. ಪಕ್ಕದಲ್ಲೇ ದೋಷಗಳ ಎಣಿಕೆ ಇರುತ್ತದೆ. ತಿದ್ದಿದ ದೋಷ ಏರಿದರೆ ಡಬ್ಬ ಸಂಭಾಳಿಸುತ್ತಿದೆ ಎಂದರ್ಥ. ತಿದ್ದಲಾಗದ್ದು ಏರತೊಡಗಿದರೆ ಪರದೆಯ ಮೇಲೆ ಕಾಣುತ್ತದೆ.

5. ವಾಪಸಿನ ದಾರಿ ಬೇರೆ ಲೆಕ್ಕ.
ಡಬ್ಬ ಕಂಟ್ರೋಲ್ ರೂಮಿಗೆ ಉತ್ತರ ಕೊಡುವುದು 5ರಿಂದ 42 ಮೆಗಾಹರ್ಟ್ಸ್ ನಡುವೆ. ಒಮ್ಮುಖ ಆಂಪ್ಲಿಫೈಯರ್ ಇದ್ದರೆ ಆ ಉತ್ತರ ಮನೆ ದಾಟುವುದಿಲ್ಲ. ಸಿನಿಮಾ ಬಾಡಿಗೆಗೆ ಒತ್ತಿದರೆ ಸುಮ್ಮನಿರುವ ಡಬ್ಬಕ್ಕೆ ಹಲವು ಸಲ ಇದೇ ರೋಗ.

6. ಅಂಕಿ ಎಲ್ಲ ಸರಿ, ಚಿತ್ರ ಮಾತ್ರ ಇಲ್ಲವೇ?
ಹಾಗಾದರೆ ಅನುಮತಿ ಬಂದಿಲ್ಲ. ಯೂನಿಟ್ ಅಡ್ರೆಸ್ ಪುಟದಲ್ಲಿರುವ ಸಂಖ್ಯೆಯಿಂದಲೇ ಕಂಟ್ರೋಲ್ ರೂಮು ಡಬ್ಬವನ್ನು ಗುರುತಿಸುತ್ತಿತ್ತು. ಡಯಾಗ್ನೊಸ್ಟಿಕ್ ಪುಟಗಳು ಓದಲಿಕ್ಕೆ ಮಾತ್ರ. ಅಲ್ಲಿಂದ ಬೀಗ ತೆರೆಯುವ ಗುಟ್ಟು ಯಾವುದೂ ಇಲ್ಲ. ಇದೆ ಎಂದು ಮಾರುವವನಿಗೆ ದೂರದಿಂದಲೇ ನಮಸ್ಕಾರ ಹಾಕಿ.

7. ಬಿಚ್ಚಲೇಬೇಕೆಂದರೆ ಪವರ್ ಸಪ್ಲೈಯಿಂದ ಶುರು.
ಡಿಸಿಟಿ-2000ರ ಮೆದುಳು ಮೊಟೊರೋಲಾ 68000 ವಂಶದ್ದು, 1984ರ ಮೊದಲ ಮ್ಯಾಕಿಂಟೋಷ್‌ನ ಚಿಪ್ಪಿನ ದಾಯಾದಿ. ಚಿಪ್ಪು ಸಾಯುವುದು ಅಪರೂಪ, ಸಾಯುವುದು ಕೆಪಾಸಿಟರ್‌ಗಳು. ವರ್ಷಗಟ್ಟಲೆ ಆಫ್ ಆಗದೆ ಬಿಸಿಯಲ್ಲಿ ಬೆಂದವು ಅವು. ತಲೆ ಉಬ್ಬಿದೆಯೇ, ಬುಡದಲ್ಲಿ ಕಂದು ಅಂಟು ಇದೆಯೇ ನೋಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಮಲ್ಟಿಮೀಟರ್ ಹಿಡಿಯದೆ ಬೆರಳು ಹಾಕಬೇಡಿ.

8. ನಮ್ಮೂರ ಕೇಬಲ್‌ಗೆ ಇದನ್ನು ಸಿಕ್ಕಿಸಿ ಕಾಯಬೇಡಿ.
ಬೆಂಗಳೂರು, ಮೈಸೂರುಗಳಿಗೆ ಡಿಜಿಟಲ್ ಕೇಬಲ್ ಕಡ್ಡಾಯವಾದದ್ದು 2013ರ ಮಾರ್ಚ್ 31ರ ಗಡುವಿನೊಂದಿಗೆ. ಇಲ್ಲಿ ಬಂದದ್ದು ಯುರೋಪಿನ ಡಿವಿಬಿ-ಸಿ ಪದ್ಧತಿ. ಚಾನೆಲ್ ಅಗಲ, ದೋಷ ತಿದ್ದುವ ವಿಧಾನ ಎರಡೂ ಬೇರೆ, ಅಮೆರಿಕದ ಡಬ್ಬಕ್ಕೆ ಇಲ್ಲಿ ಲಾಕ್ ಸಿಗುವುದೇ ಇಲ್ಲ. ಡಬ್ಬದ ಔಟ್‌ಪುಟ್ ಕೂಡ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯದು, ಆಂಟೆನಾ ವೈರಿನ ಮೂಲಕವಾದರೆ 3 ಅಥವಾ 4ನೇ ಚಾನೆಲ್ ಮೇಲೆ. ವಿಡಿಯೊ ಪಿನ್ನಿನಿಂದ ತೆಗೆದುಕೊಂಡರೆ ಎನ್‌ಟಿಎಸ್‌ಸಿ ಬಲ್ಲ ಟಿವಿಯಲ್ಲಿ ಡಯಾಗ್ನೊಸ್ಟಿಕ್ ಪುಟಗಳಾದರೂ ಕಾಣುತ್ತವೆ.

9. ಸಾಫ್ಟ್‌ವೇರ್ ಆವೃತ್ತಿ ಇರುವ ಪುಟದ ಫೋಟೊ ತೆಗೆದಿಡಿ.
ಹೊರಗಿನಿಂದ ಒಂದೇ ಥರ ಕಾಣುವ ಡಬ್ಬಗಳ ಒಳಗೆ ಮೆಮೊರಿ, ಮೋಡೆಮ್ ಬೇರೆಬೇರೆ ಇರಬಹುದು. ಬಿಡಿಭಾಗ ಕೇಳಿ ಯಾರಿಗಾದರೂ ಬರೆಯುವಾಗ ಆ ಫೋಟೊವನ್ನೂ ಕಳಿಸಿ. ಯೂನಿಟ್ ಅಡ್ರೆಸ್ ಮಾತ್ರ ಅಳಿಸಿ.