ಭೂತಾನ್ ಪ್ರವಾಸ ಮತ್ತು ಅಂಗಡಿಯ ಖಾತೆ

ಸೊರಬ ತಾಲ್ಲೂಕಿನ ಕ್ಯಾಸನೂರು ಕಡೆಯ ಅಡಿಕೆ ವರ್ತಕರೊಬ್ಬರು ವರ್ಷಾಂತ್ಯದ ಲೆಕ್ಕ ಮುಗಿಸುವ ಸಮಯದಲ್ಲಿ ನನ್ನ ಮೇಜಿನ ಮೇಲೆ ಒಂದು ಲಕೋಟೆಯನ್ನು ಇರಿಸಿದರು. ಒಳಗೆ ಪ್ರವಾಸ ಸಂಸ್ಥೆಯೊಂದರ ಬಿಲ್ಲು, ಹೋಟೆಲಿನ ಕೆಲವು ಚೀಟಿಗಳು ಹಾಗೂ ಬಾಡಿಗೆ ಕಾರಿನ ಒಂದು ರಸೀದಿ ಇದ್ದವು. ಪತ್ನಿ, ಹದಿನೈದು ವರ್ಷದ ಮಗಳು ಮತ್ತು ಒಂಬತ್ತು ವರ್ಷದ ಮಗನೊಡನೆ ಅವರು ಭೂತಾನ್ ದೇಶದಲ್ಲಿ ಆರು ರಾತ್ರಿ ತಂಗಿ ಬಂದಿದ್ದರು. ಬಿಲ್ಲು ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿತ್ತು. ಹಣ ಹೋಗಿದ್ದುದು ಸಂಸ್ಥೆಯ ಕ್ಯಾಶ್ ಕ್ರೆಡಿಟ್ ಖಾತೆಯಿಂದ. "ಅಲ್ಲಿ ಒಂದು ದಿನ ಅಡಿಕೆ ತೋಟ, ಪೇಟೆ ಎರಡನ್ನೂ ನೋಡಿದ್ದೇನೆ. ವ್ಯಾಪಾರದ ಖರ್ಚಿಗೆ ಬರೆಯಬಹುದಲ್ಲವೇ?" ಎಂಬುದು ಅವರ ಪ್ರಶ್ನೆಯಾಗಿತ್ತು.

ಪ್ರಶ್ನೆ ಅವರೊಬ್ಬರದೇ ಅಲ್ಲ. ಮಲೆನಾಡಿನ ವರ್ತಕ ಕುಟುಂಬಗಳು ಈಗ ವಿದೇಶ ಪ್ರವಾಸಕ್ಕೆ ಹೊರಡುತ್ತಿವೆ, ಹೊರಡಲೂ ಬೇಕು. ಆದರೆ ಮನೆಯ ಸಂತೋಷದ ಖರ್ಚನ್ನು ಅಂಗಡಿಯ ಪುಸ್ತಕದೊಳಗೆ ತುರುಕುವ ಅಭ್ಯಾಸವೂ ಅದರ ಜೊತೆಯಲ್ಲೇ ಬೆಳೆಯುತ್ತಿದೆ. ಆದುದರಿಂದ ಈ ಒಂದು ಲಕೋಟೆಯನ್ನೇ ಪಾಠವಾಗಿ ಇಟ್ಟುಕೊಂಡು ವಿಷಯವನ್ನು ಪರಿಶೀಲಿಸುವುದು ಸದಸ್ಯರಿಗೆ ಉಪಯುಕ್ತವಾದೀತು.

ಮೊದಲಿಗೆ, ಭೂತಾನವೇ ಏಕೆ? ಭಾರತೀಯರಿಗೆ ಅಲ್ಲಿಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ಆದರೆ ಆಧಾರ್ ಚೀಟಿ ನಡೆಯುವುದಿಲ್ಲ. ಪಾಸ್‌ಪೋರ್ಟ್ ಇಲ್ಲದ ಮಕ್ಕಳಿಗೆ ಜನನ ಪ್ರಮಾಣಪತ್ರದ ಮೂಲಪ್ರತಿ ಜೊತೆಯಲ್ಲಿರಬೇಕು. ಅಲ್ಲಿಯ ನಾಣ್ಯವಾದ ಙುಲ್ಟ್ರಮ್ ನಮ್ಮ ರೂಪಾಯಿಗೆ ಸಮಸಮ. ಭೀಮ್ ಯು.ಪಿ.ಐ. ಪಾವತಿಯನ್ನು 2021ರ ಜುಲೈನಲ್ಲಿ ಆ ದೇಶ ಸ್ವೀಕರಿಸಿತು. ಕೋವಿಡ್ ನಂತರ 2022ರ ಸೆಪ್ಟೆಂಬರಿನಲ್ಲಿ ಗಡಿ ತೆರೆದಂದಿನಿಂದ ಭಾರತೀಯರಿಗೆ ತಲೆಗೆ, ರಾತ್ರಿಯೊಂದಕ್ಕೆ ರೂ. 1,200 'ಸುಸ್ಥಿರ ಅಭಿವೃದ್ಧಿ ಶುಲ್ಕ' ವಿಧಿಸಲಾಯಿತು. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಅದಕ್ಕೂ ಚಿಕ್ಕವರಿಗೆ ಇಲ್ಲ. ನಮ್ಮ ವರ್ತಕರ ಕುಟುಂಬಕ್ಕೆ ಇದು ರಾತ್ರಿಗೆ ರೂ. 4,200ರಂತೆ ಆರು ರಾತ್ರಿಗೆ ರೂ. 25,200 ಆಯಿತು. ಈ ಮೊತ್ತ ಪ್ಯಾಕೇಜಿನೊಳಗೆ ಸೇರಿದೆಯೇ, ಇಲ್ಲವೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ಹಲವರು ಕೇಳುವುದಿಲ್ಲ.

ನೋಡುವ ಸ್ಥಳಗಳ ವಿಷಯದಲ್ಲಿ ಈ ಪತ್ರಿಕೆ ಮಾರ್ಗದರ್ಶಿಯಲ್ಲವಾದರೂ ಎರಡು ಮಾತು ಹೇಳದಿರಲಾಗದು. ಪಾರೋ ಕಣಿವೆಯ ಬಂಡೆಗೆ ಅಂಟಿಕೊಂಡಂತಿರುವ ತಕ್ತ್ಸಾಂಗ್ ಬೌದ್ಧ ವಿಹಾರ 1692ರಲ್ಲಿ ನಿರ್ಮಾಣಗೊಂಡದ್ದು. 1998ರಲ್ಲಿ ಬೆಂಕಿಗೆ ಆಹುತಿಯಾಗಿ ಮತ್ತೆ ಕಟ್ಟಲ್ಪಟ್ಟಿತು. ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರದಲ್ಲಿರುವ ಅಲ್ಲಿಗೆ ಕಾಲುದಾರಿಯಲ್ಲಿ ಏರಬೇಕು. ಆರುನೂರು ಮೀಟರ್ ಆಸುಪಾಸಿನ ನಮ್ಮ ಊರುಗಳವರು ತಲುಪಿದ ಮರುದಿನವೇ ಅದನ್ನು ಹತ್ತಲು ಹೊರಡಬಾರದು. ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದು ಲೇಸು. ಇನ್ನೊಂದು ಪುನಾಖಾ ಕೋಟೆ. ಹದಿನೇಳನೆಯ ಶತಮಾನದ ಈ ಕೋಟೆ ಫೋ ಛು ಮತ್ತು ಮೋ ಛು ಎಂಬ ಎರಡು ಹೊಳೆಗಳ ಸಂಗಮದಲ್ಲಿ ನಿಂತಿದೆ. ಒಂದು ಗಂಡು ಹೊಳೆ, ಇನ್ನೊಂದು ಹೆಣ್ಣು ಹೊಳೆ ಎಂಬುದು ಅಲ್ಲಿಯವರ ನಂಬಿಕೆ. ತುಂಗೆ ಭದ್ರೆಯರು ಕೂಡುವ ಕೂಡಲಿಯನ್ನು ಕಂಡವರಿಗೆ ಆ ನೋಟ ಅಪರಿಚಿತವೆನಿಸದು.

ಅಡಿಕೆಯ ಊರಿನಿಂದ ಹೋದವರಿಗೆ ಇವೆಲ್ಲಕ್ಕಿಂತ ಬೆರಗು ಹುಟ್ಟಿಸುವುದು 'ದೋಮಾ'. ಹಸಿ ಅಡಿಕೆಯ ಹೋಳು, ವೀಳ್ಯದೆಲೆ, ಸುಣ್ಣ: ಭೂತಾನದಲ್ಲಿ ಅತಿಥಿಗೆ ಮೊದಲು ನೀಡುವುದು ಇದನ್ನೇ. ನಮ್ಮಲ್ಲಿಯಂತೆ ಬೇಯಿಸಿ, ಬಣ್ಣ ಕಟ್ಟಿ, ಒಣಗಿಸಿದ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ವಿಂಗಡಣೆ ಅಲ್ಲಿಲ್ಲ. ಅವರ ಅಡಿಕೆಗೆ ಸಿಪ್ಪೆಯೊಳಗೇ ಇಟ್ಟು ಮಾಗಿಸಿದ ತೀಕ್ಷ್ಣವಾದ ವಾಸನೆ ಇರುತ್ತದೆ. ತಿಂದ ಹೊಸಬರಿಗೆ ಬೆವರು ಬರುವುದುಂಟು. ನಮ್ಮ ವರ್ತಕರು ಒಂದನ್ನು ಬಾಯಿಗಿಟ್ಟು, ಎರಡನೆಯದನ್ನು ನಯವಾಗಿ ನಿರಾಕರಿಸಿದರಂತೆ.

ಇಲ್ಲಿಯೇ ವ್ಯಾಪಾರದ ಎಳೆ ತೋರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಪಶ್ಚಿಮ ಬಂಗಾಳದ ಜೈಗಾಂವ್ ಭೂಸುಂಕ ಠಾಣೆಯ ಮೂಲಕ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಭೂತಾನದಿಂದ ತರಿಸಿಕೊಳ್ಳಲು ಅನುಮತಿ ನೀಡಿತು. ಬೇರೆ ದೇಶಗಳ ಅಡಿಕೆಗೆ ಆಗ ಕಿಲೋಗೆ ರೂ. 251 ಇದ್ದ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ರೂ. 351ಕ್ಕೆ ಏರಿಸಲಾಯಿತು. ಶಿವಮೊಗ್ಗ, ಸಾಗರ, ಶಿರಸಿ ಪೇಟೆಗಳಲ್ಲಿ ಭೂತಾನ್ ಅಡಿಕೆಯ ಸುದ್ದಿ ಎಬ್ಬಿಸಿದ ಕಳವಳ ಓದುಗರ ನೆನಪಿನಲ್ಲಿದೆ. ಲೆಕ್ಕ ಹಾಕಿ ನೋಡಿದರೆ, ಕ್ವಿಂಟಾಲ್ ಹಸಿ ಅಡಿಕೆಗೆ ಹನ್ನೆರಡು ಹನ್ನೆರಡೂವರೆ ಕಿಲೋ ಕೆಂಪಡಿಕೆ ಎಂಬ ನಮ್ಮ ವಾಡಿಕೆಯ ಕಟ್ಟಿನಂತೆ 17,000 ಟನ್ನಿನಿಂದ ಸಿದ್ಧ ಮಾಲು ಎರಡು ಸಾವಿರ ಟನ್ನಿನ ಸುಮಾರಿಗೆ ಬರುತ್ತದೆ. ದೇಶದ ವಾರ್ಷಿಕ ಉತ್ಪಾದನೆಯಾದರೋ ಲಕ್ಷಾಂತರ ಟನ್ನುಗಳದು. ಪ್ರಮಾಣಕ್ಕಿಂತ, ಬೇರೆ ದೇಶದ ಮಾಲು ಭೂತಾನದ ಹೆಸರಿನಲ್ಲಿ ನುಸುಳೀತು ಎಂಬ ಶಂಕೆಯೇ ದೊಡ್ಡದಾಗಿತ್ತು, ಮತ್ತು ಅದು ನಿರಾಧಾರವೆಂದು ನಾನು ಹೇಳಲಾರೆ. ಹೀಗಿರುವಾಗ ಕ್ಯಾಸನೂರಿನ ವರ್ತಕರು ಗಡಿಪಟ್ಟಣವಾದ ಫುಂಟ್‌ಶೋಲಿಂಗ್‌ನಲ್ಲಿ ತಂಗಿದ್ದ ದಿನ ಪ್ರತ್ಯೇಕ ಕಾರು ಮಾಡಿಕೊಂಡು ಅಡಿಕೆ ಬೆಳೆಯುವ ಸಮ್ತ್ಸೆ ಕಡೆಗೆ ಹೋಗಿ ಬಂದದ್ದು ಸಹಜವೇ, ಮೆಚ್ಚತಕ್ಕದ್ದೇ. ಅಂದು ಪತ್ನಿ ಮತ್ತು ಮಕ್ಕಳು ಹೋಟೆಲಿನಲ್ಲೇ ಉಳಿದಿದ್ದರು.

ಖರ್ಚು ಯಾರದು?

ಹಾಗೆಂದ ಮಾತ್ರಕ್ಕೆ ಇಡೀ ಪ್ರವಾಸ ವ್ಯಾಪಾರದ್ದಾಗುವುದಿಲ್ಲ. ವೆಚ್ಚವು ಪೂರ್ಣವಾಗಿಯೂ ಕೇವಲ ವ್ಯವಹಾರದ ಉದ್ದೇಶಕ್ಕಾಗಿಯೂ ಆಗಿರಬೇಕು, ಸ್ವಂತದ ಖರ್ಚಾಗಿರಬಾರದು ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ 37ನೆಯ ಕಲಮಿನ ತತ್ತ್ವ. ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆಯೇ ಹೊರತು ತತ್ತ್ವ ಬದಲಾಗಿಲ್ಲ. ಏಳು ದಿನಗಳಲ್ಲಿ ಒಂದು ದಿನ ತೋಟ ನೋಡಿದರೆ ಉಳಿದ ಆರು ದಿನಗಳ ವಿಹಾರ, ಪತ್ನಿ ಮತ್ತು ಮಕ್ಕಳ ಟಿಕೆಟ್ಟು ವ್ಯವಹಾರಕ್ಕೆ ಸೇರಲಾರವು. ಒಪ್ಪಬಹುದಾದದ್ದು ಆ ಬಾಡಿಗೆ ಕಾರಿನ ರಸೀದಿಯೊಂದೇ. ಅದಕ್ಕೂ ಯಾವ ದಿನ ಎಲ್ಲಿಗೆ ಹೋದದ್ದು, ಯಾರನ್ನು ಕಂಡದ್ದು, ಯಾವ ದರ ತಿಳಿದದ್ದು ಎಂಬ ಒಂದು ಪುಟದ ಟಿಪ್ಪಣಿ ಅಂದೇ ಬರೆದಿಟ್ಟಿರಬೇಕು. ನಮ್ಮ ವರ್ತಕರ ಪುಣ್ಯ, ಅವರು ದರಗಳನ್ನು ಪುಟ್ಟ ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದರು.

ಆಸೆ ಎಲ್ಲಿಂದ ಹುಟ್ಟುತ್ತದೆಂಬುದನ್ನೂ ಬಚ್ಚಿಡುವುದು ಬೇಡ. ಪ್ಯಾಕೇಜಿನ ಬೆಲೆ ಲೆಕ್ಕದ ಅನುಕೂಲಕ್ಕೆ ರೂ. 3,00,000 ಎಂದಿಟ್ಟುಕೊಳ್ಳೋಣ. ಪಾಲುದಾರಿಕೆ ಸಂಸ್ಥೆಗೆ ತೆರಿಗೆ ಶೇ. 30, ಅದರ ಮೇಲೆ ಶೇ. 4 ಸೆಸ್. ಈ ಮೊತ್ತವನ್ನು ಖರ್ಚಿಗೆ ಬರೆದರೆ ರೂ. 93,600 ಉಳಿಯುವಂತೆ ಕಾಣುತ್ತದೆ. ಆದರೆ ಆದಾಯವನ್ನು ಕಡಿಮೆ ತೋರಿಸಿದ್ದೆಂದು ತೀರ್ಮಾನವಾದರೆ ಆ ತೆರಿಗೆಯ ಶೇ. 50, ಸುಳ್ಳು ನಮೂದು ಎಂದಾದರೆ ಶೇ. 200 ದಂಡ ವಿಧಿಸಲು ಅವಕಾಶವಿದೆ. ಎರಡನೆಯ ಪ್ರಕಾರ ಹಿಡಿದರೆ ರೂ. 1,87,200 ದಂಡ, ಮೇಲೆ ತೆರಿಗೆ, ಅದರ ಮೇಲೆ ಬಡ್ಡಿ. ಇನ್ನು ಬಿಲ್ಲಿನಲ್ಲಿರುವ ಜಿ.ಎಸ್.ಟಿ.ಯ ಹೂಡುವಳಿ ಜಮೆಯನ್ನು ಪಡೆಯುವ ಯೋಚನೆಯನ್ನೂ ಬಿಡಬೇಕು. ಸ್ವಂತ ಉಪಭೋಗಕ್ಕೆ ಬಳಸಿದ ಸೇವೆಗೆ ಆ ಜಮೆ ಇಲ್ಲ.

ತಪ್ಪನ್ನು ಇಲಾಖೆ ಹೇಗೆ ಕಂಡುಹಿಡಿದೀತು ಎಂದು ಕೇಳುವವರಿದ್ದಾರೆ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಗ್ರಾಹಕರಿಂದ ಮೂಲದಲ್ಲೇ ತೆರಿಗೆ ಸಂಗ್ರಹಿಸಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಬಂದಿದೆ. ಮೊದಲು ಶೇ. 5 ಇತ್ತು. 2023ರ ಅಕ್ಟೋಬರಿನಿಂದ 7 ಲಕ್ಷ ಮೀರಿದ ಭಾಗಕ್ಕೆ ಶೇ. 20 ಆಯಿತು; 2025ರ ಏಪ್ರಿಲಿನಿಂದ ಆ ಮಿತಿ 10 ಲಕ್ಷಕ್ಕೆ ಏರಿತು; 2026ರ ಫೆಬ್ರವರಿಯ ಮುಂಗಡಪತ್ರವು ಮೊತ್ತದ ಮಿತಿಯಿಲ್ಲದೆ ಶೇ. 2ರ ಒಂದೇ ದರವನ್ನು ಪ್ರಸ್ತಾಪಿಸಿತು. ದರ ಹೀಗೆ ಪದೇ ಪದೇ ಬದಲಾಗುವುದರಿಂದ ಹಣ ಕಟ್ಟುವ ದಿನದ ದರವನ್ನು ವಿಚಾರಿಸಿಕೊಳ್ಳುವುದು ಅಗತ್ಯ. ಭೂತಾನ್ ನೆರೆಯ ದೇಶವಾದರೂ ಈ ಮಟ್ಟಿಗೆ ವಿದೇಶವೇ. ಬರಿಯ ವಿಮಾನದ ಟಿಕೆಟ್ಟನ್ನಾಗಲಿ ಬರಿಯ ಹೋಟೆಲನ್ನಾಗಲಿ ಬಿಡಿಯಾಗಿ ಕೊಂಡರೆ ಅದು ಪ್ಯಾಕೇಜ್ ಎನಿಸುವುದಿಲ್ಲ.

ಹೀಗೆ ಸಂಗ್ರಹವಾದ ಹಣ ನಷ್ಟವಲ್ಲ. ವರ್ಷದ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಾದರೆ ಮರಳಿ ಬರುತ್ತದೆ. ಆದರೆ ಯಾರ ಪಾನ್ ಸಂಖ್ಯೆ ಕೊಟ್ಟಿರುತ್ತೇವೋ ಅವರ ಹೆಸರಿಗೇ ಜಮೆ. ಸಂಸ್ಥೆಯ ಪಾನ್ ಕೊಟ್ಟಿದ್ದರಿಂದ, ಈ ಸಂಸ್ಥೆ ವಿದೇಶ ವಿಹಾರದ ಪ್ಯಾಕೇಜ್ ಕೊಂಡಿದೆ ಎಂಬ ವಿವರ ಸಂಸ್ಥೆಯ 26ಎ.ಎಸ್. ಪಟ್ಟಿಯಲ್ಲಿ ತಾನಾಗಿ ಬಂದು ಕುಳಿತಿತ್ತು. ಏಕಮಾಲೀಕತ್ವದ ಅಂಗಡಿಗಳಲ್ಲಿ ಮಾಲೀಕನ ಪಾನ್ ಮತ್ತು ಅಂಗಡಿಯ ಪಾನ್ ಒಂದೇ ಆದುದರಿಂದ ಈ ತೊಡಕು ಇಲ್ಲ, ಆದರೂ ಖರ್ಚು ಸ್ವಂತದ್ದೇ.

ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ಗಂಭೀರವಾದುದು ಕ್ಯಾಶ್ ಕ್ರೆಡಿಟ್ ಖಾತೆಯಿಂದ ಹಣ ತೆಗೆದದ್ದು. ಆ ಮಿತಿಯನ್ನು ಬ್ಯಾಂಕು ಕೊಟ್ಟಿರುವುದು ದಾಸ್ತಾನು ಮತ್ತು ಬರಬೇಕಾದ ಬಾಕಿಗಳ ಮೇಲೆ, ಅಡಿಕೆ ಕೊಳ್ಳುವುದಕ್ಕಾಗಿ. ಬೆಳೆಗಾರರು ಹೊಸ ಮಾಲು ತರುವ ತಿಂಗಳಿನಲ್ಲಿ ಮೂರು ಲಕ್ಷ ಹೊರಗೆ ಹೋದರೆ ಅಷ್ಟು ಮಾಲು ಪಕ್ಕದ ಅಂಗಡಿಯ ಪಾಲು. ಒಮ್ಮೆ ಪಕ್ಕದ ಅಂಗಡಿಯ ತಕ್ಕಡಿ ಹತ್ತಿದ ಬೆಳೆಗಾರ ಮರುವರ್ಷವೂ ಅಲ್ಲಿಗೇ ಹೋಗುವುದು ಪೇಟೆಯ ರೂಢಿ. ಶೇ. 10ರ ಬಡ್ಡಿ ಎಂದಿಟ್ಟುಕೊಂಡರೂ ಎಂಟು ತಿಂಗಳಿಗೆ ರೂ. 20,000 ಆಗುತ್ತದೆ. ಸ್ವಂತಕ್ಕೆ ತೆಗೆದ ಸಾಲದ ಈ ಬಡ್ಡಿಯನ್ನು ಕೂಡ ವ್ಯಾಪಾರದ ಖರ್ಚೆಂದು ಒಪ್ಪುವುದಿಲ್ಲ. ಪ್ರವಾಸಕ್ಕೆಂದು ಮನೆಯವರ ಹೆಸರಿನಲ್ಲಿ ತಿಂಗಳ ಆವರ್ತಕ ಠೇವಣಿ ಕಟ್ಟುತ್ತಾ ಬಂದಿದ್ದರೆ ಈ ಪ್ರಮೇಯವೇ ಇರಲಿಲ್ಲ.

ಗಡಿಯಲ್ಲಿ ತಿಳಿದಿರಬೇಕಾದವು

ಭೂತಾನ್ ಮತ್ತು ನೇಪಾಳ ಪ್ರವಾಸಕ್ಕೆ ಬ್ಯಾಂಕುಗಳು ವಿದೇಶಿ ವಿನಿಮಯ ಕೊಡುವುದಿಲ್ಲ, ರೂಪಾಯಿಯಲ್ಲೇ ವ್ಯವಹಾರ. ನೂರು ರೂಪಾಯಿ ಮತ್ತು ಅದಕ್ಕಿಂತ ಚಿಕ್ಕ ನೋಟುಗಳನ್ನು ಬೇಕಾದಷ್ಟು ಒಯ್ಯಬಹುದು, ಇನ್ನೂರು ಐನೂರರ ನೋಟುಗಳಿಗೆ ತಲೆಗೆ ರೂ. 25,000 ಮಿತಿ. ಇನ್ನೊಂದು ಮಾತು ಅಡಿಕೆಯವರಿಗೇ ಮೀಸಲು: ಮಾದರಿಗೆಂದು ಒಂದು ಹಿಡಿ ಹಸಿ ಅಡಿಕೆಯನ್ನು ಚೀಲದಲ್ಲಿ ಹಾಕಿಕೊಂಡು ಬರಬಾರದು. 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಪರವಾನಗಿ ಮತ್ತು ಸಸ್ಯಾರೋಗ್ಯ ಪ್ರಮಾಣಪತ್ರ ಇಲ್ಲದೆ ಅಂತಹ ವಸ್ತುಗಳನ್ನು ತರುವಂತಿಲ್ಲ. ಎಲೆಚುಕ್ಕೆ ರೋಗದಿಂದ ಬೆಂದಿರುವ ನಮ್ಮ ತೋಟಗಳಿಗೆ ಹೊಸ ರೋಗವೊಂದನ್ನು ಕೈಯಾರೆ ತಂದು ಹಚ್ಚುವುದು ಬೇಡ.

ಕೊನೆಯದಾಗಿ, ಕ್ಯಾಸನೂರಿನ ಹೆಸರು. 1957ರಲ್ಲಿ ಈ ಕಾಡಿನಲ್ಲಿ ಮಂಗಗಳು ಸಾಯತೊಡಗಿ ಜನರಿಗೂ ಜ್ವರ ಬಂದಾಗ, ಆಫ್ರಿಕದ ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ವಿಜ್ಞಾನಿಗಳು ಮೊದಲು ಸಂಶಯಪಟ್ಟರು. ಅದು ಹೊಸದೊಂದು ವೈರಾಣುವೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರ ಕಂಡುಕೊಂಡಿತು. ಅಂದಿನಿಂದ ನಮ್ಮ ಊರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ, ಮತ್ತು ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಮಕ್ಕಳ ಬೇಸಿಗೆ ರಜೆಯೂ ಅದರೊಳಗೇ ಬೀಳುತ್ತದೆ. ದರಗು ತರಲೆಂದು ಬೆಟ್ಟಕ್ಕೆ ಹೋಗಿ ಬಂದವರು ವಾರದೊಳಗೆ ಪ್ರವಾಸ ಹೊರಟು, ಥಿಂಫುವಿನಲ್ಲೋ ಕೊಲ್ಕತ್ತದಲ್ಲೋ ಜ್ವರ ಹಿಡಿದರೆ, ಅಲ್ಲಿಯ ವೈದ್ಯರು ಡೆಂಗಿ, ವಿಷಮಶೀತ ಜ್ವರಗಳನ್ನು ಹುಡುಕುವುದು ಸ್ವಾಭಾವಿಕ. ತಾವು ಕ್ಯಾಸನೂರು ಕಡೆಯವರೆಂದು, ಕಾಡಿಗೆ ಹೋಗಿದ್ದೆವೆಂದು ಮೊದಲೇ ಬಾಯಿಬಿಟ್ಟು ಹೇಳಬೇಕು.

ನಮ್ಮ ವರ್ತಕರ ಲೆಕ್ಕ ಹೀಗೆ ಮುಗಿಯಿತು. ರೂ. 3,00,000 ಪಾಲುದಾರರ ಸ್ವಂತ ಹಿಂಪಡೆತ ಖಾತೆಗೆ ಹೋಯಿತು. ಸಂಸ್ಥೆಯ ಪಾನ್ ಮೇಲೆ ಸಂಗ್ರಹವಾದ ತೆರಿಗೆಯನ್ನು ಸಂಸ್ಥೆಯ ಮುಂಗಡ ತೆರಿಗೆಯಾಗಿ ತೋರಿಸಲಾಯಿತು. ಕಾರಿನ ರಸೀದಿ ಡೈರಿಯ ಪುಟದ ನಕಲಿನೊಡನೆ ಪ್ರಯಾಣ ವೆಚ್ಚಕ್ಕೆ ಸೇರಿತು. ಇನ್ನೊಬ್ಬ ಪಾಲುದಾರರಾದ ಅವರ ತಮ್ಮ ಹಿಂಪಡೆತದ ಮೊತ್ತವನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಾರ್ಚ್ 31ರೊಳಗೆ ಮನೆಯ ಉಳಿತಾಯ ಖಾತೆಯಿಂದ ಎರಡು ಲಕ್ಷವನ್ನು ಸಂಸ್ಥೆಗೆ ಹಿಂದಿರುಗಿಸುವುದಾಗಿಯೂ, ಉಳಿದದ್ದನ್ನು ಮುಂದಿನ ವರ್ಷದ ಲಾಭದ ಪಾಲಿನಲ್ಲಿ ಮುರಿದುಕೊಳ್ಳುವುದಾಗಿಯೂ ಅಣ್ಣ ಬರೆದುಕೊಟ್ಟ ಮೇಲೆ ಇಬ್ಬರೂ ಸಹಿ ಹಾಕಿದರು.