ಮುದ್ದೆ ಮೇಲಿನ ಉರಿಗೆ, ಬಿಸ್ಕತ್ತು ಕೆಳಗಿನ ಗಾಳಿಗೆ

ಮಂಡ್ಯ ಜಿಲ್ಲೆಯ ಆತಗೂರಿನ ಮನೆಯೊಂದಕ್ಕೆ ಕುಕಿಂಗ್ ರೇಂಜ್ ಬಂತೆನ್ನಿ. ಮೇಲೆ ನಾಲ್ಕು ಬರ್ನರಿನ ಗ್ಯಾಸ್ ಒಲೆ, ಕೆಳಗೆ ಫ್ಯಾನ್ ಇರುವ ಕನ್ವೆಕ್ಷನ್ ಓವನ್. ಓವನ್ನಿನಲ್ಲಿ ಏನೇನು ಮಾಡಬಾರದು ಎಂದು ಮೊದಲು ತೀರ್ಮಾನಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಮುದ್ದೆ, ಉಪ್ಸಾರು, ಬಸ್ಸಾರಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಅವು ನೀರಿನಲ್ಲಿ ಬೇಯುವಂಥವು, ಪಾತ್ರೆಯ ತಳಕ್ಕೆ ನೇರ ಉರಿ ಕೊಡುವುದೇ ಅಗ್ಗ. ಮದ್ದೂರು ವಡೆಯೂ ಒಲೆಯದೇ ಪಾಲು. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಕಲಸಿ ತಟ್ಟಿದ ವಡೆಯನ್ನು ಕಾದ ಎಣ್ಣೆ ಎಲ್ಲ ಕಡೆಯಿಂದ ಆವರಿಸಿ ಬೇಯಿಸುತ್ತದೆ. ಗಾಳಿ ಅಷ್ಟೇ ಬಿಸಿಯಿದ್ದರೂ ಎಣ್ಣೆಯಷ್ಟು ಬೇಗ ಶಾಖ ದಾಟಿಸಲಾರದು. ಅಷ್ಟರಲ್ಲಿ ತೇವ ಆರಿ ವಡೆ ಗಟ್ಟಿ ಬಿಲ್ಲೆಯಾಗುತ್ತದೆ. ಹಾಗೆ ಮಾಡಿದ್ದಕ್ಕೆ ಬೇರೆ ಹೆಸರಿಡುವುದು ಮೇಲು.

ಓವನ್ನಿನ ಕೆಲಸ ಮೇಲ್ಮೈಯನ್ನು ಒಣಗಿಸಿ ಕೆಂಪಗಾಗಿಸುವುದು. ರಾಗಿ ಬಿಸ್ಕತ್ತು, ಬ್ರೆಡ್ಡು, ಬಾಳೆಹಣ್ಣಿನ ಕೇಕು, ಹುರಿದ ಕಡಲೆಕಾಯಿ ಇವೆಲ್ಲ ಅದಕ್ಕೆ ಸಲ್ಲುತ್ತವೆ. ಹಿಟ್ಟಿನಿಂದ ಹೊರಬರುವ ಆವಿ ಅದರ ಸುತ್ತ ತಣ್ಣನೆಯ ತೆಳು ಪದರವಾಗಿ ನಿಲ್ಲುತ್ತದೆ. ಫ್ಯಾನ್ ಆ ಪದರವನ್ನು ಒರೆಸಿ ಹಾಕುತ್ತ ಹೋಗುವುದರಿಂದ ಕಡಿಮೆ ಶಾಖದಲ್ಲೇ ಪದಾರ್ಥ ಬೇಯುತ್ತದೆ. ಆದ್ದರಿಂದ ಮಾಮೂಲಿ ಓವನ್ನಿಗೆಂದು 180 ಡಿಗ್ರಿ ಬರೆದಿದ್ದರೆ ಇಲ್ಲಿ 160 ಇಡಬೇಕು. ಶಾಖವನ್ನೂ ಸಮಯವನ್ನೂ ಒಟ್ಟಿಗೆ ಇಳಿಸಿದರೆ ಒಳಗೆ ಹಸಿ ಉಳಿಯುತ್ತದೆ. ಶಾಖ ಇಳಿಸಿ, ಹೇಳಿದ ಹೊತ್ತಿಗಿಂತ ಐದು ನಿಮಿಷ ಮೊದಲು ಬಾಗಿಲ ಗಾಜಿನಿಂದ ನೋಡಿದರೆ ಸಾಕು. ಹತ್ತು ಹದಿನೈದು ನಿಮಿಷ ಮುಂಚೆ ಓವನ್ ಕಾಯಿಸಿ, ತಟ್ಟೆಯನ್ನು ನಡು ಅಂತಸ್ತಿನಲ್ಲಿ, ಗೋಡೆಗೆ ತಾಗದಂತೆ ಇಡಿ. ಜಾಲರಿಯ ತುಂಬ ಫಾಯಿಲ್ ಹಾಸಿದರೆ ಗಾಳಿಯ ದಾರಿ ಮುಚ್ಚಿ, ಫ್ಯಾನಿಗೆ ಕೊಟ್ಟ ದುಡ್ಡು ದಂಡ. ರಾಗಿಗೆ ಗೋಧಿಯ ಅಂಟಿಲ್ಲ, ಬರೀ ರಾಗಿಯ ಬಿಸ್ಕತ್ತು ಉದುರುತ್ತದೆ; ಅರ್ಧದಷ್ಟು ಗೋಧಿಹಿಟ್ಟು ಬೆರೆಸಬೇಕು. ಮಂಡ್ಯದ ಬೆಲ್ಲ ಹಾಕಿದರೆ ಇನ್ನೊಂದು ಎಚ್ಚರ: ಬೆಲ್ಲ ಸಕ್ಕರೆಗಿಂತ ಬೇಗ ಕಂದುತ್ತದೆ, ಹಾಗಾಗಿ ಮತ್ತೆ ಐದು ಹತ್ತು ಡಿಗ್ರಿ ಇಳಿಸಿ. ಬಿಡಿಸಿದ ಕಡಲೆಕಾಯಿ ಬೀಜಕ್ಕೆ 150 ಡಿಗ್ರಿ, ಒಂದೇ ಪದರ, ನಡುವೆ ಒಮ್ಮೆ ಕೈಯಾಡಿಸುವುದು. ಬಿಸಿಯಲ್ಲಿ ಅದು ಮೆತ್ತಗೇ ಇರುತ್ತದೆ, ಗರಿಗರಿ ಆಗಲಿ ಎಂದು ಕಾದರೆ ಸೀದೇ ಹೋಗುತ್ತದೆ.

ಕೆಳಗಿನ ಓವನ್ ಕೂಡ ಗ್ಯಾಸಿನದಾದರೆ ಬಾಗಿಲು ತೆರೆದೇ ಹೊತ್ತಿಸಬೇಕು. ಹೊತ್ತದಿದ್ದರೆ ಗುಬುಟು ಆರಿಸಿ, ಗಾಳಿಯಾಡಲು ಬಿಟ್ಟು, ಆಮೇಲೆ ಇನ್ನೊಮ್ಮೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಕೂರುತ್ತದೆ, ಎತ್ತರದ ಕಿಟಕಿಯೊಂದನ್ನೇ ನಂಬಬಾರದು. ಸೋರಿಕೆಯ ದೂರಿಗೆ 1906. ಕರೆಂಟಿನ ಓವನ್ನಾದರೆ ಅರ್ತಿಂಗ್ ಸರಿಯಿರುವ 16 ಆಂಪಿಯರಿನ ಸಾಕೆಟ್ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಸಲ್ಲದು.

ಇಷ್ಟಕ್ಕೆಲ್ಲ ಕರೆಂಟು ಸುಡಬೇಕೇ ಎಂಬ ತಕರಾರು ನ್ಯಾಯವಾದದ್ದೇ. 2000 ವಾಟಿನ ಓವನ್ ತಾಸೊಂದು ಬಿಡದೆ ಉರಿದರೆ ಎರಡು ಯೂನಿಟ್. ಥರ್ಮೋಸ್ಟಾಟ್ ಆಗಾಗ ಆರಿಸುವುದರಿಂದ ನಿಜದ ಖರ್ಚು ಅದಕ್ಕಿಂತ ಕಡಿಮೆ. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಇದೆಯಲ್ಲ ಎನ್ನುವವರೂ ಇದ್ದಾರೆ. ಅಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆಯಲ್ಲ. ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ಗೊತ್ತುಮಾಡಿದ್ದಾರೆ. ಹೊಸ ಓವನ್ನಿನ ಯೂನಿಟ್ಟುಗಳು ಆ ಮಿತಿ ದಾಟಿ ಬಿಲ್ಲಿಗೆ ಬಂದಾವು. ಕರೆಂಟು ಹೋದರೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. 1902ರಲ್ಲೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಸಿದ ಸೀಮೆಯಾದರೂ ಕರೆಂಟು ಹೋಗುವುದನ್ನು ಲೆಕ್ಕಕ್ಕೆ ಹಿಡಿದೇ ಅಡುಗೆ ಮಾಡಬೇಕು. ನಡುವೆ ಹೋದರೆ ಬಾಗಿಲು ತೆಗೆಯಬೇಡಿ, ಕಾದ ಓವನ್ ಸ್ವಲ್ಪ ಹೊತ್ತು ಬಿಸಿ ಹಿಡಿದಿರುತ್ತದೆ. ಫ್ಯಾನಿಲ್ಲದೆ ಉರಿಯಬಲ್ಲ ಗ್ಯಾಸ್ ಓವನ್ನಾದರೆ 20 ಡಿಗ್ರಿ ಏರಿಸಿ, ಅರ್ಧ ಬೆಂದ ಮೇಲೆ ತಟ್ಟೆಯನ್ನು ಹಿಂದುಮುಂದು ತಿರುಗಿಸಿ. ಖರ್ಚಿಗೆ ಉಪಾಯ, ಒಮ್ಮೆ ಕಾಯಿಸಿದ್ದರಲ್ಲಿ ಸಾಲಾಗಿ ಕೆಲಸ ತೆಗೆಯುವುದು: ಹೆಚ್ಚು ಶಾಖದ ಬ್ರೆಡ್ಡು ಮೊದಲು, ಬಿಸ್ಕತ್ತು ಆಮೇಲೆ, ಕಡಲೆಕಾಯಿ ಕೊನೆಗೆ. ಎಲ್ಲ ಮುಗಿದು ಆರಿಸಿದ ಓವನ್ನಿನ ಉಳಿದ ಬಿಸಿಯಲ್ಲಿ ಕರಿಬೇವಿನ ಸೊಪ್ಪು ಒಣಗುತ್ತದೆ.