ಒಲೆ ಆರಿದ ಹಡಗು

ಸಂಡೂರಿನಲ್ಲಿ ಕೂತು ಹಡಗಿನ ಪಾಠ ಹೇಳುವುದು ಕಷ್ಟ. ಸುತ್ತಲೂ ಗುಡ್ಡ, ದೊಡ್ಡ ನೀರೆಂದರೆ ನಾರಿಹಳ್ಳದ ಜಲಾಶಯ, ಇಲ್ಲವೇ ಹೊಸಪೇಟೆಯ ಡ್ಯಾಂ. ಸಮುದ್ರ ಕಂಡಿರುವುದು ಮರ್ಮಗೋವೆಯಲ್ಲಿ ಹಡಗು ಹತ್ತಿದ ನಮ್ಮ ಅದಿರು ಮಾತ್ರ! ಹಾಗಾಗಿ ನಾನು ಹರಿಗೋಲಿನಿಂದಲೇ ಶುರುಮಾಡುತ್ತೇನೆ.

ಹಂಪಿಯಲ್ಲಿ ಹೊಳೆ ದಾಟುವಾಗ ಅಂಬಿಗ ಗದರುವುದು ಒಂದಕ್ಕೇ: "ಕುಂದರ್ರಿ, ಎದ್ದು ನಿಲ್ಲಬ್ಯಾಡ್ರಿ!" ನಿಂತರೆ ಭಾರ ಮೇಲೇರುತ್ತದೆ, ಹರಿಗೋಲು ವಾಲುತ್ತದೆ. ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಿ. ಅಗಲವಾದ ಪರಾತದಲ್ಲಿ ನೀರು ಹೊತ್ತು ನಡೆಯಿರಿ. ಕೊಂಚ ಓರೆಯಾದರೂ ನೀರೆಲ್ಲ ಅತ್ತಲೇ ನುಗ್ಗಿ ಪರಾತವನ್ನು ಮತ್ತಷ್ಟು ಎಳೆಯುತ್ತದೆ. ಹಡಗಿನೊಳಗೆ ನೀರು ಸೇರಿದಾಗ ಆಗುವುದೂ ಇದೇ.

ಉಗಿಹಡಗಿಗೆ ಇನ್ನೊಂದು ಅಪಾಯವಿದೆ. ಅದರ ಜೀವ ತಳದಲ್ಲಿ ಉರಿಯುವ ಕಲ್ಲಿದ್ದಲ ಒಲೆ. ನೀರು ಅಲ್ಲಿಗಿಳಿದು ಬೆಂಕಿ ಆರಿದರೆ ಉಗಿಯಿಲ್ಲ, ಯಂತ್ರ ನಿಂತಿತು. ಅಲೆಗೆ ಮೂತಿ ಕೊಟ್ಟು ನಿಲ್ಲಬೇಕಾದ ಹಡಗು ಪಕ್ಕೆ ಕೊಟ್ಟು ನಿಲ್ಲುತ್ತದೆ.

ಅಂಥ ಅಲೆ ಏಳಿಸುವುದು ಚಂಡಮಾರುತ. ಅಟ್ಲಾಂಟಿಕ್‌ನವರು ಅದನ್ನೇ ಹರಿಕೇನ್ ಅನ್ನುತ್ತಾರೆ. ಕಡಲ ನೀರು ಸುಮಾರು 27 ಡಿಗ್ರಿ ದಾಟಿ ಬಿಸಿಯಾದರೆ ಅದಕ್ಕೆ ಮೇವು ಸಿಕ್ಕಂತೆ. ನವೆಂಬರಿನಲ್ಲಿ ಬಂಗಾಳಕೊಲ್ಲಿಯಲ್ಲಿ ಅದು ಎದ್ದರೆ ನಮ್ಮ ಕಣದ ಮೆಕ್ಕೆಜೋಳವೂ ನೆನೆಯುತ್ತದಲ್ಲ!

ಈಗ 1888ರ ನವೆಂಬರ್ 8. ಅರಬ್ಬಿ ಸಮುದ್ರ. ಕಚ್ಛದ ಮಾಂಡವಿಯಿಂದ ದ್ವಾರಕೆಗೆ ಬಂದು, ಮುಂಬಯಿಗೆ ಹೊರಟಿತ್ತು 'ವೈತರಣಾ' ಎಂಬ ಉಗಿಹಡಗು. ಒಳಗೆ ವಿದ್ಯುತ್ ದೀಪಗಳಿದ್ದುದರಿಂದ ಜನ ಕರೆದದ್ದು 'ವೀಜಳಿ', ಅಂದರೆ ಮಿಂಚು. ಮದುವೆ ದಿಬ್ಬಣಗಳಿದ್ದವು, ಮೆಟ್ರಿಕ್ ಪರೀಕ್ಷೆಗೆ ಹೊರಟ ಹುಡುಗರಿದ್ದರು. ಎಲ್ಲ ಸೇರಿ 700ಕ್ಕೂ ಹೆಚ್ಚು ಜನ. ಪೋರಬಂದರಿನಲ್ಲಿ ಹವೆ ಕೆಟ್ಟು ಹಡಗು ನಿಲ್ಲದೆ ಮುಂದೆ ಸಾಗಿತು. ಆಮೇಲೆ ಒಬ್ಬರೂ ಬದುಕಿ ಬರಲಿಲ್ಲ. ಹಡಗು ಸಿಗಲಿಲ್ಲ. ಒಲೆ ಮೊದಲು ಆರಿತೋ, ಹಡಗೇ ಮೊದಲು ಮಗುಚಿತೋ, ಹೇಳಲು ಸಾಕ್ಷಿಯಿಲ್ಲ. ಜೀವರಕ್ಷಕ ದೋಣಿಗಳು ಸಾಲದಾಗಿದ್ದವು ಎಂಬುದು ಮಾತ್ರ ಆಮೇಲಿನ ವಿಚಾರಣೆಯಲ್ಲಿ ಹೊರಬಿತ್ತು.

ಇಲ್ಲಿಗೆ ಬಂದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಫೋನ್ ಮಾಡಬಾರದಿತ್ತಾ ಸಾರ್?" ಭಾರತದ ಹವಾಮಾನ ಇಲಾಖೆ 1875ರಲ್ಲೇ ಹುಟ್ಟಿತ್ತು, ಊರಿಂದೂರಿಗೆ ತಂತಿಯೂ ಇತ್ತು. ಆದರೆ ತಂತಿಯಿಲ್ಲದೆ ಸುದ್ದಿ ಕಳಿಸುವ ರೇಡಿಯೋ ಹಡಗುಗಳಿಗೆ ಬರಲು ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಬೇಕಿತ್ತು. ದಡದ ದೀಪ ಮರೆಯಾದ ಮೇಲೆ ಹಡಗಿಗೆ ಉಳಿದಿದ್ದ ದನಿ ಅದರ ಸೀಟಿ ಒಂದೇ. ಅದಕ್ಕೂ ಉಗಿ ಬೇಕು.